ಕ್ರೋಶಾ ಹೊಸಬರಿಗೆ ದೋಷ ನಿವಾರಣೆ: ತಪ್ಪು ಕಾಣುವ ಸಾಲು ಬೇರೆ, ಹುಟ್ಟಿದ ಸಾಲು ಬೇರೆ

"ಅಕ್ಕಾರ, ಚೌಕ ಹಾಕಾಕ ಹೋದ್ರ ತ್ರಿಕೋನ ಆಗಾಕ ಹತ್ತೇತ್ರಿ." ಧಾರವಾಡದಲ್ಲಿ ನನ್ನ ಹತ್ತಿರ ಕ್ರೋಶಾ, ಅಂದರೆ ಕೊಕ್ಕೆ ಬಾಯಿಯ ಒಂದೇ ಕಡ್ಡಿಯಲ್ಲಿ ದಾರ ಹೆಣೆಯುವ ಕೆಲಸ, ಕಲಿಯಲು ಬರುವವರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದು. ಹೇಳುವಾಗಲೇ ಅರ್ಧ ಬಿಚ್ಚಿದ ಉಲ್ಲನ್ ಕೈಯಲ್ಲಿರುತ್ತದೆ. ಬಿಚ್ಚಿದ ಮೇಲೆ ತಪ್ಪು ಎಲ್ಲಿತ್ತು ಎಂದು ನೋಡುವುದಾದರೂ ಹೇಗೆ? ಹಾಗಾಗಿ ಮೊದಲ ಮಾತು: ಕಾರಣ ಗೊತ್ತಾಗುವ ತನಕ ಒಂದು ಕುಣಿಕೆಯನ್ನೂ ಬಿಚ್ಚಬೇಡಿ. ಹೆಣೆದ ತುಂಡೇ ನಿಮ್ಮ ಸಾಕ್ಷಿ.

ಕ್ರೋಶಾದಲ್ಲಿ ಹತ್ತನೇ ಸಾಲಿನಲ್ಲಿ ಕಣ್ಣಿಗೆ ಬೀಳುವ ದೋಷ ನಾಲ್ಕನೇ ಸಾಲಿನಲ್ಲಿ ಹುಟ್ಟಿರುತ್ತದೆ. ಹೊಸಬರು ಕೊನೆಯ ಸಾಲನ್ನೇ ದಿಟ್ಟಿಸಿ ನೋಡಿ, ಅದನ್ನೇ ಬಿಚ್ಚಿ, ಮತ್ತೆ ಹಾಕಿ, ಮತ್ತೆ ಅದೇ ದೋಷ ಕಂಡು "ನನ್ನ ಕೈಗೆ ಇದು ಬರೂದಿಲ್ಲ" ಅನ್ನುತ್ತಾರೆ. ಕೈಯ ದೋಷ ಬಹಳ ಕಡಿಮೆ. ಕಡ್ಡಿಯನ್ನು ಎಲ್ಲಿ ಚುಚ್ಚಿದಿರಿ, ಎಷ್ಟು ಎಣಿಸಿದಿರಿ, ಕುಣಿಕೆಯನ್ನು ಕಡ್ಡಿಯ ಯಾವ ಭಾಗದ ಮೇಲೆ ಕೂರಿಸಿದಿರಿ ಎಂಬ ಮೂರರಲ್ಲಿ ಒಂದು ಹೆಚ್ಚುಕಡಿಮೆ ಎಲ್ಲ ದೋಷದ ಹಿಂದೆಯೂ ಇರುತ್ತದೆ.

ನೋಡುವ ಕ್ರಮ

ಕಡ್ಡಿಯಲ್ಲಿರುವ ಕುಣಿಕೆಯನ್ನು ಒಂದು ಬೆರಳುದ್ದ ಎಳೆದು ಅದಕ್ಕೆ ಸೇಫ್ಟಿ ಪಿನ್ನು ಹಾಕಿ. ಬಳೆಯಲ್ಲೋ ತಾಳಿಯಲ್ಲೋ ಸಿಕ್ಕಿಸಿಕೊಂಡಿರುವ ಪಿನ್ನು ಸಾಕು, ಇದಕ್ಕೆಂದೇ ಮಾರುವ ಪ್ಲಾಸ್ಟಿಕ್ ಮಾರ್ಕರ್ ಬೇಕಾಗಿಲ್ಲ. ಕಡ್ಡಿ ತೆಗೆದಿಟ್ಟು, ತುಂಡನ್ನು ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲೆ ಎಳೆಯದೆ ಹರಡಿ. ಕೆಳಗಿನ ಸಾಲಿನಿಂದ ಮೇಲಕ್ಕೆ ಒಂದೊಂದೇ ಸಾಲು ಎಣಿಸಿ ಚೀಟಿಯಲ್ಲಿ ಬರೆಯುತ್ತ ಹೋಗಿ. ಸಂಖ್ಯೆ ಮೊದಲ ಸಲ ಬದಲಾದ ಸಾಲು ಯಾವುದೋ ಅದೇ ರೋಗದ ಮೂಲ. ಅದರ ಮೇಲಿನದೆಲ್ಲ ಬರೀ ಲಕ್ಷಣ.

ಎಣಿಸುವುದರಲ್ಲೇ ಎಡವುವವರೂ ಇದ್ದಾರೆ. ಕಡ್ಡಿಯ ಮೇಲೆ ಕೂತಿರುವ ಕುಣಿಕೆ ಲೆಕ್ಕಕ್ಕಿಲ್ಲ. ಶುರುವಿನಲ್ಲಿ ಹಾಕುವ ಜಾರುಗಂಟೂ ಲೆಕ್ಕಕ್ಕಿಲ್ಲ. ಪ್ರತಿ ಸ್ಟಿಚ್ಚಿನ ತಲೆಯ ಮೇಲೆ ಎರಡು ಎಳೆ ಸೇರಿ V ಆಕಾರದ ಒಂದು ಮೊನೆಯಾಗಿರುತ್ತದೆ. ಆ ಒಂದು ಮೊನೆಗೆ ಒಂದು ಸ್ಟಿಚ್ಚು. ಡಬಲ್ ಕ್ರೋಶಾ ಎಂಬ ಎತ್ತರದ ಸ್ಟಿಚ್ಚು ಆದರೆ ತಲೆ ಬಿಟ್ಟು ಕಂಬಗಳನ್ನೇ ಎಣಿಸಬಹುದು, ಅದು ಇನ್ನೂ ಸುಲಭ. ನಮ್ಮ ಕಡೆ ಹಿರಿಯರು ಅದನ್ನು ಖಾಂಬ ಅಂತಲೇ ಕರೆಯುವುದು, ಹಾಗಾಗಿ ಮುಂದೆ ನಾನೂ ಡಬಲ್‌ಗೆ ಕಂಬ ಎಂದೇ ಬರೆಯುತ್ತೇನೆ. ಕಸೂತಿ ಹಾಕಿ ಬಂದವರಿಗೆ ಈ ಎಣಿಕೆಯ ಭಾಗ ಹೇಳಿಕೊಡಬೇಕಾಗಿಯೇ ಇಲ್ಲ. ಬಟ್ಟೆಯ ಎಳೆ ಎಣಿಸಿ ಗೋಪುರ, ತೇರು ಎಬ್ಬಿಸಿದವರು ಅವರು. ಒಂದು ಎಳೆ ತಪ್ಪಿದರೂ ಆಚೆ ಬದಿ ಕೂಡುವುದಿಲ್ಲ ಎಂಬುದು ಅವರಿಗೆ ಗೊತ್ತು.

ಹೆಣಿಗೆಗೂ ಮೊದಲು ದಾರ, ಕಡ್ಡಿ ನೋಡಿ

ಧಾರವಾಡ, ಹುಬ್ಬಳ್ಳಿಯ ಬಹಳಷ್ಟು ಮನೆಗಳಲ್ಲಿ ಅಜ್ಜಿಯ ಕಾಲದ ಒಂದು ಸಣ್ಣ ಸ್ಟೀಲ್ ಕಡ್ಡಿ ಇದ್ದೇ ಇರುತ್ತದೆ. ಬಾಗಿಲ ತೋರಣ, ಟೇಬಲ್ ಕವರ್ ಹಾಕಿದ ಕಡ್ಡಿ. ಮನೆಯಲ್ಲಿ ಅದು ಇದೆ ಎಂಬ ಒಂದೇ ಕಾರಣಕ್ಕೆ ಹೊಸಬರು ಅದರಿಂದಲೇ, ತೋರಣದ ತೆಳು ಹತ್ತಿ ದಾರದಲ್ಲೇ ಶುರು ಮಾಡುತ್ತಾರೆ. ನನ್ನ ಅಭಿಪ್ರಾಯ ಖಂಡಿತ: ಆ ಕಡ್ಡಿಯನ್ನು ಜೋಪಾನವಾಗಿ ಎತ್ತಿಡಿ, ಅದಕ್ಕೆ ಕಾಲ ಬರುತ್ತದೆ. ಸ್ಟಿಚ್ಚಿನ ಆಕಾರ ಕಣ್ಣಿಗೆ ಕಾಣದಷ್ಟು ಸಣ್ಣ ದಾರದಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. 4 ಅಥವಾ 5 ಮಿ.ಮೀ. ಅಲ್ಯೂಮಿನಿಯಂ ಕಡ್ಡಿ, ಮಧ್ಯಮ ದಪ್ಪದ, ರೋಮ ಏಳದ, ತಿಳಿ ಬಣ್ಣದ ಅಕ್ರಿಲಿಕ್ ಉಲ್ಲನ್ ತೆಗೆದುಕೊಳ್ಳಿ. ಕಪ್ಪು, ಗಾಢ ನೀಲಿ, ಗಾಢ ಕೆಂಪು ಬೇಡ. ಸಂಜೆ ಟ್ಯೂಬ್‌ಲೈಟ್ ಕೆಳಗೆ ಕಪ್ಪು ಉಲ್ಲನ್‌ನಲ್ಲಿ ಎಲ್ಲಿ ಚುಚ್ಚಬೇಕೆಂದು ನುರಿತವರಿಗೂ ಕಾಣುವುದಿಲ್ಲ.

ಕಡ್ಡಿಯ ನಂಬರ್ ನಂಬಿ ತಂದು ಮೋಸ ಹೋಗುವುದು ಇನ್ನೊಂದು. ಹುಬ್ಬಳ್ಳಿಯ ದುರ್ಗದಬೈಲ್ ಕಡೆ ಅಂಗಡಿಗೆ ಹೋಗಿ "8 ನಂಬರ್ ಕೊಡ್ರಿ" ಎಂದರೆ ಏನು ಬರುತ್ತದೆ ಎಂದು ಹೇಳಲು ಬರುವುದಿಲ್ಲ. ಅಮೆರಿಕದ ಲೆಕ್ಕದಲ್ಲಿ 8 ಅಂದರೆ 5 ಮಿ.ಮೀ., 6 ಅಂದರೆ 4 ಮಿ.ಮೀ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ಸರಿಯಾಗಿ ತಿರುವುಮುರುವು: 8 ಅಂದರೆ 4 ಮಿ.ಮೀ., 6 ಅಂದರೆ 5 ಮಿ.ಮೀ. ತೆಳು ಸ್ಟೀಲ್ ಕಡ್ಡಿಗಳಲ್ಲೂ ನಂಬರ್ ಏರಿದಷ್ಟು ಕಡ್ಡಿ ಸಣ್ಣದಾಗುತ್ತದೆ. ಅರ್ಧ ಮಫ್ಲರ್ ಆದ ಮೇಲೆ ಕಡ್ಡಿ ಕಳೆದು, ಅದೇ ನಂಬರಿನದು ತಂದು ಮುಂದುವರಿಸಿದರೆ ಅಲ್ಲಿಂದ ಮುಂದೆ ಅಗಲವೇ ಬದಲಾಗುವುದು ಇದರಿಂದ. ಹಿಡಿಯ ಮೇಲೆ ಕೊರೆದಿರುವ ಮಿ.ಮೀ. ನೋಡಿ ಕೊಳ್ಳಿ, ಅದೊಂದೇ ಎಲ್ಲ ಕಡೆ ಒಂದೇ ಅರ್ಥ ಕೊಡುವುದು.

ಮೊದಲ ಸಾಲಿನಲ್ಲೇ ಕಡ್ಡಿ ಒಳಗೆ ಹೋಗುತ್ತಿಲ್ಲ

ಚೈನು, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆದ ಶುರುವಿನ ಸರಪಳಿ, ಹಾಕಿದ್ದೀರಿ, ತಿರುಗಿ ಬರುವಾಗ ಕಡ್ಡಿ ಚುಚ್ಚಲು ಜಾಗವೇ ಇಲ್ಲ. ಜೋರಾಗಿ ತುರುಕಿದರೆ ದಾರ ಸೀಳುತ್ತದೆ. ಇಲ್ಲಿ ಎಲ್ಲರೂ ಕೊಡುವ ಸಲಹೆ "ಕೈ ಸಡ್ಲ ಬಿಡ್ರಿ" ಎಂಬುದು. ಈ ಸಲಹೆಯಿಂದ ಯಾರಿಗೂ ಉಪಯೋಗವಾದದ್ದು ನಾನು ಕಂಡಿಲ್ಲ. ಸಡಿಲ ಬಿಡಬೇಕಾದದ್ದು ಕೈಯಲ್ಲ, ಕುಣಿಕೆ.

ಕಡ್ಡಿಯನ್ನು ಹತ್ತಿರದಿಂದ ನೋಡಿ. ತುದಿ ಇದೆ, ಅದರ ಕೆಳಗೆ ದಾರ ಹಿಡಿಯುವ ಬಾಯಿ, ಬಾಯಿಯ ಕೆಳಗೆ ಸಣ್ಣಗಾದ ಕತ್ತು, ಕತ್ತು ಮುಗಿದ ಮೇಲೆ ಪೂರ್ತಿ ದಪ್ಪದ ಮೈ, ಆಮೇಲೆ ಹೆಬ್ಬೆರಳಿಡುವ ಚಪ್ಪಟೆ ಜಾಗ. ಕಡ್ಡಿ 5 ಮಿ.ಮೀ. ಎಂದರೆ ಮೈ 5 ಮಿ.ಮೀ. ಕತ್ತು ಅದಕ್ಕಿಂತ ಸಣ್ಣದು. ಹೊಸಬರು ಕುಣಿಕೆ ಬಿದ್ದುಹೋದೀತೆಂಬ ಭಯಕ್ಕೆ ಅದನ್ನು ಕತ್ತಿನಲ್ಲೇ ಬಿಗಿದು, ಅಲ್ಲೇ ಮುಂದಿನದನ್ನು ಎಳೆಯುತ್ತಾರೆ. ಆಗ ಕೈಯಲ್ಲಿರುವುದು 5 ಮಿ.ಮೀ. ಕಡ್ಡಿಯಾದರೂ ಹೆಣಿಗೆ ಆಗುವುದು ಅದಕ್ಕಿಂತ ಸಣ್ಣ ಕಡ್ಡಿಯದು. ಪ್ರತಿ ಕುಣಿಕೆಯನ್ನೂ ಎಳೆದ ಮೇಲೆ ಮೈ ಮೇಲಕ್ಕೆ ಜಾರಿಸಿ, ಅಲ್ಲಿ ಅಳತೆ ಕೂರಲಿ, ಆಮೇಲೆ ಮುಂದಿನದು. ಇಷ್ಟು ಮಾಡಿದರೆ ಹತ್ತರಲ್ಲಿ ಎಂಟು ಜನರ ಬಿಗಿ ಚೈನು ಅಂದೇ ಸರಿಯಾಗುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಆದರೂ ಬಿಗಿ ಅನ್ನಿಸಿದರೆ ಶುರುವಿನ ಚೈನು ಮಾತ್ರ ಅರ್ಧ ಅಥವಾ ಒಂದು ಮಿ.ಮೀ. ದೊಡ್ಡ ಕಡ್ಡಿಯಲ್ಲಿ ಹಾಕಿ, ಮೊದಲ ಸಾಲಿಗೆ ನಿಮ್ಮ ಕಡ್ಡಿಗೆ ಬನ್ನಿ. ನುರಿತವರೂ ಹೀಗೆ ಮಾಡುತ್ತಾರೆ. ತುಂಡಿನ ಕೆಳ ಅಂಚು ಸಣ್ಣದಾಗಿ, ಮೇಲಕ್ಕೆ ಅಗಲವಾಗಿ, ಸ್ಟಿಚ್ಚಿನ ಲೆಕ್ಕ ಮಾತ್ರ ಎಲ್ಲ ಸಾಲಿನಲ್ಲೂ ಒಂದೇ ಇದ್ದರೆ ರೋಗ ಇದೇ, ಬೇರೆ ಕಡೆ ಹುಡುಕಬೇಡಿ.

ಮಾರ್ಚ್‌ನಿಂದ ಮೇ ತನಕ ಹುಬ್ಬಳ್ಳಿಯ ಸೆಕೆಯಲ್ಲಿ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಕೈ ಬೆವರಿ ಅಕ್ರಿಲಿಕ್ ಬೆರಳಿಗೂ ಕಡ್ಡಿಗೂ ಅಂಟುತ್ತದೆ, ಬೆಳಿಗ್ಗೆ ಸಡಿಲ ಇದ್ದ ಹೆಣಿಗೆ ಮಧ್ಯಾಹ್ನ ಬಿಗಿಯಾಗುತ್ತದೆ. ಕೈ ತೊಳೆದು ಒರೆಸಿಕೊಂಡು, ಕಡ್ಡಿಯನ್ನೂ ಒಣ ಬಟ್ಟೆಯಲ್ಲಿ ಒರೆಸಿ.

ಅಂಚು ಒಳಗೆ ಹೋಗುತ್ತಿದೆ, ಇಲ್ಲವೇ ಹೊರಗೆ ಬರುತ್ತಿದೆ

ಚೌಕ ತ್ರಿಕೋನವಾಗುವ ರೋಗ ಇದೇ. ಕ್ರೋಶಾ ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಇಲ್ಲೇ ಬಿಡುತ್ತಾರೆ. ಕಾರಣ ಗೊತ್ತಾದರೆ ಇದು ಅರ್ಧ ಗಂಟೆಯ ಕೆಲಸ, ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತೇನೆ.

ಸಾಲು ಮುಗಿದು ತಿರುಗುವಾಗ ಎತ್ತರಕ್ಕೆಂದು ಕೆಲವು ಚೈನು ಹಾಕುತ್ತೇವೆ. ಗಿಡ್ಡ ಸ್ಟಿಚ್ಚಾದ ಸಿಂಗಲ್‌ಗೆ 1, ನಡು ಎತ್ತರದ ಹಾಫ್ ಡಬಲ್‌ಗೆ 2, ಕಂಬಕ್ಕೆ 3. ಕಂಬದ ಹೆಣಿಗೆಯಲ್ಲಿ ಆ 3 ಚೈನನ್ನು ಒಂದು ಕಂಬವೆಂದು ಲೆಕ್ಕ ಹಿಡಿಯುವ ಪದ್ಧತಿ ಒಂದು. ಲೆಕ್ಕಕ್ಕೆ ಹಿಡಿಯದ ಪದ್ಧತಿ ಇನ್ನೊಂದು. ಎರಡೂ ಸರಿ. ಆದರೆ ಎರಡಕ್ಕೂ ಸಾಲಿನ ಮೊದಲಲ್ಲಿ ಒಂದು ನಿಯಮ, ಕೊನೆಯಲ್ಲಿ ಒಂದು ನಿಯಮ ಇದೆ. ಲೆಕ್ಕಕ್ಕೆ ಹಿಡಿದರೆ, ಮೊದಲ ಸ್ಟಿಚ್ಚು ಬಿಟ್ಟು ಎರಡನೆಯದರಲ್ಲಿ ಚುಚ್ಚಬೇಕು, ಸಾಲಿನ ಕೊನೆಗೆ ಹಿಂದಿನ ಸಾಲಿನ ಆ 3 ಚೈನಿನ ನೆತ್ತಿಯಲ್ಲೂ ಒಂದು ಕಂಬ ಹಾಕಬೇಕು. ಲೆಕ್ಕಕ್ಕೆ ಹಿಡಿಯದಿದ್ದರೆ, ಮೊದಲ ಸ್ಟಿಚ್ಚಿನಲ್ಲೇ ಚುಚ್ಚಬೇಕು, ಕೊನೆಗೆ ಚೈನನ್ನು ಮುಟ್ಟಬಾರದು.

ಮೊಬೈಲ್‌ನಲ್ಲಿ ಒಂದು ವಿಡಿಯೊ ನೋಡಿ ಶುರು ಮಾಡಿ, ನಾಳೆ ಇನ್ನೊಂದು ವಿಡಿಯೊ ನೋಡಿದಾಗ ಒಂದರ ಮೊದಲು ಇನ್ನೊಂದರ ಕೊನೆಗೆ ಜೋಡಿಯಾಗಿಬಿಡುತ್ತದೆ. ಮೊದಲ ಸ್ಟಿಚ್ಚನ್ನೂ ಬಿಟ್ಟು, ಕೊನೆಯ ಚೈನನ್ನೂ ಬಿಟ್ಟರೆ ಪ್ರತಿ ಸಾಲಿಗೆ ಒಂದು ಕಡಿಮೆ. ಮೊದಲ ಸ್ಟಿಚ್ಚಿನಲ್ಲೂ ಹಾಕಿ, ಕೊನೆಯ ಚೈನಿನಲ್ಲೂ ಹಾಕಿದರೆ ಪ್ರತಿ ಸಾಲಿಗೆ ಒಂದು ಹೆಚ್ಚು. ಇದು ಗೊತ್ತಿಲ್ಲದೆ ಕೆಲವರು ಕಣ್ಣಳತೆಯಲ್ಲಿ ನಡುವೆ ಎಲ್ಲೋ ಒಂದು ಜಾಸ್ತಿ ಹಾಕಿ ಸರಿದೂಗಿಸುತ್ತಾರೆ. ಅಗಲ ಸರಿ ಬರುತ್ತದೆ, ನಡುವೆ ಗಡ್ಡೆ ಕಟ್ಟಿದ ಹಾಗೆ ಉಬ್ಬು ಬರುತ್ತದೆ.

ವಿದ್ಯಾನಗರದ ಒಬ್ಬ ಕಾಲೇಜು ಹುಡುಗಿಯ ಮಫ್ಲರ್ ಉದಾಹರಣೆ ತೆಗೆದುಕೊಳ್ಳಿ. 22 ಚೈನು ಹಾಕಿ, ಕಡ್ಡಿಯಿಂದ ನಾಲ್ಕನೇ ಚೈನಿನಲ್ಲಿ ಮೊದಲ ಕಂಬ ಹಾಕಿದ್ದಳು. ಬಿಟ್ಟ 3 ಚೈನು ಒಂದು ಕಂಬ, ಉಳಿದ 19ರಲ್ಲಿ 19, ಒಟ್ಟು 20. ಲೆಕ್ಕ ಸರಿ. ಮೇಜಿನ ಮೇಲೆ ಹರಡಿ ಎಣಿಸಿದೆವು: 20, 20, 20, 19, 18, 17, 16. ಮೂರನೇ ಸಾಲಿನ ತನಕ ಕೈ ಸರಿಯಾಗಿಯೇ ನಡೆದಿದೆ. ನಾಲ್ಕರಲ್ಲಿ ಏನೋ ಬದಲಾಗಿದೆ, ಆಮೇಲೆ ಪ್ರತಿ ಸಾಲಿನಲ್ಲೂ ಅದೇ ನಡೆದಿದೆ. ಹೀಗೆ ಒಂದೊಂದೇ ತಪ್ಪದೆ ಇಳಿದರೆ ಅದು ಮರೆವಲ್ಲ, ನಿಯಮವೇ ಬದಲಾಗಿದೆ ಎಂದು ಅರ್ಥ. ಕೇಳಿದರೆ, ನಾಲ್ಕನೇ ಸಾಲಿನಿಂದ ಬೇರೆ ವಿಡಿಯೊ. ಅದರಲ್ಲಿ ಚೈನು ಲೆಕ್ಕಕ್ಕಿಲ್ಲ, ಕೊನೆಗೆ ಅದನ್ನು ಬಿಡಿ ಎಂದಿದ್ದಾರೆ. ಕೊನೆಯದನ್ನು ಬಿಟ್ಟಳು, ಮೊದಲಿನದನ್ನೂ ಹಳೆಯ ರೂಢಿಯಂತೆ ಬಿಟ್ಟಳು. ಮೂರನೇ ಸಾಲಿನ ತನಕ ಬಿಚ್ಚಿ, ಒಂದೇ ಪದ್ಧತಿ ಹಿಡಿದು ಹಾಕಿದ್ದಕ್ಕೆ ಮಫ್ಲರ್ ನೆಟ್ಟಗಾಯಿತು.

ಎಣಿಕೆ 20, 19, 19, 18, 19 ಹೀಗೆ ಏರಿಳಿದಿದ್ದರೆ ಕಾರಣ ಬೇರೆ. ಅದು ಗಮನ ತಪ್ಪಿದ್ದು, ಎಲ್ಲೋ ಒಂದು ಬಿಟ್ಟಿದ್ದೀರಿ, ಎಲ್ಲೋ ಒಂದರಲ್ಲಿ ಎರಡು ಹಾಕಿದ್ದೀರಿ. ಬಿಟ್ಟಲ್ಲಿ ಸಣ್ಣ ಕಿಂಡಿ ಇರುತ್ತದೆ, ಎರಡು ಬಿದ್ದಲ್ಲಿ ಕಂಬಗಳ ಬುಡ ಒಂದೇ ರಂಧ್ರದಿಂದ ಕವಲೊಡೆದಿರುತ್ತದೆ.

ಅಂಚನ್ನು ನೋಡಿಯೇ ಇನ್ನೊಂದು ವಿಷಯ ತಿಳಿಯಬಹುದು. ಪ್ರತಿ ಸಾಲಿನ ಕೊನೆಗೂ ತಪ್ಪುತ್ತಿದ್ದರೆ ಎರಡೂ ಅಂಚು ಸಮವಾಗಿ ಒಳಗೆ ಹೋಗುತ್ತವೆ, ಏಕೆಂದರೆ ನಾವು ತಿರುಗಿಸುತ್ತಲೇ ಇರುವುದರಿಂದ ಸಾಲಿನ ಕೊನೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆ. ಒಂದೇ ಅಂಚು ಓರೆಯಾಗಿದ್ದರೆ ತಪ್ಪು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಆಗುತ್ತಿದೆ. ಬಹುತೇಕ ಆ ಬದಿಯಲ್ಲಿ ತಿರುಗುವ ಚೈನು ಬಿಗಿಯಾಗಿ, ಹೊರಳಿ, ಕಂಬದ ಹಿಂದೆ ಅಡಗಿಕೊಂಡಿರುತ್ತದೆ. ಕಾಣದ್ದರಲ್ಲಿ ಚುಚ್ಚುವುದು ಹೇಗೆ? ಪಿನ್ನು ಇಲ್ಲಿ ಉಪಕಾರಕ್ಕೆ ಬರುತ್ತದೆ. 3 ಚೈನು ಹಾಕಿದ ಕೂಡಲೇ ಮೂರನೆಯದಕ್ಕೆ ಪಿನ್ನು ಚುಚ್ಚಿ. ತಿರುಗಿ ಬಂದಾಗ ಪಿನ್ನು ಇರುವಲ್ಲೇ ಕೊನೆಯ ಕಂಬ. ಪಿನ್ನು ತೆಗೆದು ಹೊಸ ಚೈನಿಗೆ ಹಾಕಿ. ಕೆಲವು ಸಾಲು ಹೀಗೆ ನಡೆದರೆ ಕಣ್ಣಿಗೆ ಆ ಜಾಗ ಪರಿಚಯವಾಗಿಬಿಡುತ್ತದೆ.

ಚೈನು ಲೆಕ್ಕಕ್ಕೆ ಹಿಡಿದವರ ಅಂಚಿನಲ್ಲಿ ಮೊದಲ ಮತ್ತು ಎರಡನೇ ಕಂಬದ ನಡುವೆ ಸ್ವಲ್ಪ ದೊಡ್ಡ ಕಿಂಡಿ ಬರುತ್ತದೆ. ಅದು ತಪ್ಪಲ್ಲ, ಚೈನು ಕಂಬಕ್ಕಿಂತ ತೆಳ್ಳಗಿರುವುದರಿಂದ ಹಾಗೆ. ಕಣ್ಣಿಗೆ ಚುಚ್ಚಿದರೆ 3ರ ಬದಲು 2 ಚೈನು ಹಾಕಿ ನೋಡಿ.

ಇನ್ನು ಸಿಂಗಲ್. ಅಲ್ಲಿ ತಿರುಗುವ 1 ಚೈನು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಮೊದಲ ಸ್ಟಿಚ್ಚಿನಲ್ಲೇ ಚುಚ್ಚಬೇಕು. ಕಂಬ ಕಲಿತು ಸಿಂಗಲ್‌ಗೆ ಬಂದವರು ರೂಢಿಯಲ್ಲಿ ಮೊದಲನೆಯದನ್ನು ಬಿಟ್ಟು ಕಡಿಮೆ ಮಾಡಿಕೊಳ್ಳುತ್ತಾರೆ, ಸಿಂಗಲ್‌ನಿಂದ ಕಂಬಕ್ಕೆ ಹೋದವರು ಬಿಡದೆ ಹೆಚ್ಚು ಮಾಡಿಕೊಳ್ಳುತ್ತಾರೆ.

ದಾರ ಸೀಳುತ್ತದೆ

ಕಡ್ಡಿ ದಾರದ ನಡುವೆ ಹೊಕ್ಕು ಒಂದೆರಡು ಎಳೆ ಮಾತ್ರ ಹಿಡಿದು ಬರುವುದು. ದಾರಕ್ಕೆ ಕಡ್ಡಿ ಸಣ್ಣದಾಗಿದ್ದರೆ ಹೀಗಾಗುತ್ತದೆ, ಲೇಬಲ್ ಮೇಲೆ ಬರೆದ ಅಳತೆ ನೋಡಿ. ಅಳತೆ ಸರಿ ಇದ್ದರೆ ಮಣಿಕಟ್ಟು ನೋಡಿ: ಚುಚ್ಚುವಾಗ ಕಡ್ಡಿಯ ಬಾಯಿ ನಿಮ್ಮ ಕಡೆ ಇರಲಿ, ದಾರ ಹಿಡಿದು ಹೊರಗೆ ಎಳೆಯುವಾಗ ಬಾಯಿಯನ್ನು ಕೆಳಕ್ಕೆ ಹೊರಳಿಸಿ. ಬಾಯಿ ಮೇಲಿದ್ದರೆ ಅದು ಹೊರಬರುತ್ತ ಮೇಲಿನ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ. ಹುರಿ ಸಡಿಲ ಇರುವ ಅಗ್ಗದ ಉಲ್ಲನ್ ಏನು ಮಾಡಿದರೂ ಸೀಳುತ್ತದೆ, ಅದನ್ನು ಕಲಿಯಲು ಬಳಸಬೇಡಿ.

ಒಂದು ಎಳೆ ಬಿಟ್ಟುಹೋದ ಸ್ಟಿಚ್ಚನ್ನು ಆಗಲೇ ಬಿಚ್ಚಿ ಸರಿಮಾಡಿ. ಹತ್ತು ಸಾಲಿನ ಹಿಂದೆ ಕಂಡರೆ, ಹಿಂಬದಿಯಿಂದ ದಬ್ಬಣದಲ್ಲಿ ಆ ಎಳೆಯನ್ನು ಒಳಕ್ಕೆ ಎಳೆದು ಬಿಡಿ. ಅದಕ್ಕಾಗಿ ಹತ್ತು ಸಾಲು ಬಿಚ್ಚುವುದು ವ್ಯರ್ಥ.

ಒಂದು ಬದಿಯಲ್ಲಿ ಅಡ್ಡ ಗೆರೆ ಎದ್ದಿದೆ

ತಲೆಯ ಎರಡು ಎಳೆಗಳಲ್ಲಿ ಒಂದನ್ನೇ ಹಿಡಿದಿದ್ದೀರಿ, ಬಿಟ್ಟ ಎಳೆ ಗೆರೆಯಾಗಿ ಉಳಿದಿದೆ. ಎರಡನ್ನೂ ಹಿಡಿಯಿರಿ. ಗೆರೆ ಚೆನ್ನಾಗಿ ಕಂಡರೆ ಉದ್ದೇಶಪಟ್ಟೇ ಹಾಗೆ ಹಾಕುವುದೂ ಉಂಟು, ಆದರೆ ಪೂರ್ತಿ ಹಾಗೇ ಹಾಕಿ. ತಲೆಯನ್ನೇ ಬಿಟ್ಟು ಎರಡು ಕಂಬದ ನಡುವಿನ ಸಂದಿಯಲ್ಲಿ ಚುಚ್ಚಿದರೆ ಗೆರೆಯ ಬದಲು ಜಾಳುಜಾಳು ಕಿಂಡಿ ಬರುತ್ತದೆ, ಎಣಿಕೆಯೂ ಒಂದೊಂದು ಕಡಿಮೆಯಾಗುತ್ತದೆ, ಏಕೆಂದರೆ ಕಂಬಕ್ಕಿಂತ ಸಂದಿ ಯಾವಾಗಲೂ ಒಂದು ಕಡಿಮೆ.

ಸುತ್ತು ಹೆಣೆದದ್ದು ಚಪ್ಪಟೆ ಕೂರುವುದಿಲ್ಲ

ಟೀಪಾಯಿ ಮೇಲಿನ ರುಮಾಲು, ಕೂಸಿನ ಕುಲಾವಿ, ಎರಡೂ ಒಂದೇ ವೃತ್ತದಿಂದ ಶುರುವಾಗುತ್ತವೆ. ವೃತ್ತ ಮೇಲೆದ್ದು ಬಟ್ಟಲಾದರೆ ಹೆಚ್ಚಿಸುವುದು ಸಾಲದು. ಅಂಚು ನಿರಿಗೆ ಬಿದ್ದರೆ ಹೆಚ್ಚಿಸಿದ್ದು ಜಾಸ್ತಿ. ಸಿಂಗಲ್ ಆದರೆ 6ರಿಂದ ಶುರು, ಪ್ರತಿ ಸುತ್ತಿಗೂ 6 ಹೆಚ್ಚಬೇಕು: 6, 12, 18, 24, 30. ಕಂಬ ಆದರೆ 12ರಿಂದ ಶುರು, ಪ್ರತಿ ಸುತ್ತಿಗೂ 12: 12, 24, 36, 48. ಕಂಬ ಎತ್ತರ, ಒಂದು ಸುತ್ತಿಗೆ ವೃತ್ತ ಹೆಚ್ಚು ದೊಡ್ಡದಾಗುತ್ತದೆ, ಹಾಗಾಗಿ ಅಂಚಿಗೂ ಹೆಚ್ಚು ಬೇಕು. ಸಿಂಗಲ್‌ನ ಲೆಕ್ಕ ಇಟ್ಟುಕೊಂಡು ಕಂಬ ಹಾಕಿದವರ ರುಮಾಲು ಬಟ್ಟಲಾಗುವುದು ಇದೇ ಕಾರಣಕ್ಕೆ.

ಹೆಚ್ಚಿಸುವುದು ಎಂದರೆ ಒಂದರಲ್ಲಿ ಎರಡು ಹಾಕುವುದು. ಎರಡನೇ ಸುತ್ತಿನಲ್ಲಿ ಎಲ್ಲದರಲ್ಲೂ ಎರಡು. ಮೂರನೇ ಸುತ್ತಿನಲ್ಲಿ ಒಂದು ಬರಿದು, ಅಂದರೆ ಒಂದರಲ್ಲಿ ಒಂದೇ, ಮುಂದಿನ ಒಂದರಲ್ಲಿ ಎರಡು. ನಾಲ್ಕರಲ್ಲಿ ಎರಡು ಬರಿದು, ಒಂದರಲ್ಲಿ ಎರಡು. ಐದರಲ್ಲಿ ಮೂರು ಬರಿದು. ಈ ಸರಣಿ ಗೊತ್ತಿದ್ದರೆ ಪ್ಯಾಟರ್ನ್ ಪುಸ್ತಕ ತೆರೆಯದೆ ಎಷ್ಟು ದೊಡ್ಡ ವೃತ್ತವನ್ನೂ ಹಾಕಬಹುದು. ಹೆಚ್ಚಿಸಿದ್ದು ಒಂದರ ಮೇಲೊಂದು ಬಂದರೆ ಆರು ಮೂಲೆ ಎದ್ದು ಕಾಣುತ್ತವೆ. ಗುಂಡಗೆ ಬೇಕಾದರೆ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಹೆಚ್ಚಿಸುವ ಜಾಗವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಸಂಖ್ಯೆ ಬದಲಿಸಬೇಡಿ.

ಸಂಖ್ಯೆ 24 ಆಗಬೇಕಾದಲ್ಲಿ 25 ಬರುತ್ತಿದೆಯೆ? ಸುತ್ತು ಮುಗಿಸಲು ಹಾಕುವ ಸ್ಲಿಪ್ ಸ್ಟಿಚ್ಚನ್ನು ನಿಜವಾದ ಸ್ಟಿಚ್ಚೆಂದು ತಿಳಿದು ಅದರಲ್ಲೂ ಒಂದು ಹಾಕಿದ್ದೀರಿ. ಪ್ರತಿ ಸುತ್ತಿನ ಮೊದಲ ಸ್ಟಿಚ್ಚಿಗೆ ಪಿನ್ನು ಹಾಕಿ, ಅದರಲ್ಲೇ ಮುಗಿಸಿ. ಸಿಂಗಲ್‌ನಲ್ಲಿ ಆ ಜೋಡಣೆಯ ಗೆರೆ ಸುತ್ತಿನಿಂದ ಸುತ್ತಿಗೆ ಓರೆಯಾಗಿ ಸರಿಯುತ್ತ ಹೋಗುವುದನ್ನು ದೋಷ ಎಂದುಕೊಳ್ಳಬೇಡಿ. ಸ್ಟಿಚ್ಚಿನ ತಲೆ ಅದರ ಬುಡದ ನೇರಕ್ಕೆ ಕೂರುವುದಿಲ್ಲ, ಹಾಗಾಗಿ ಅದು ಸರಿದೇ ಸರಿಯುತ್ತದೆ.

ಕುಲಾವಿಗೆ ಬಟ್ಟಲು ಬೇಕೇ ಬೇಕು. ಯಾವಾಗ ಹೆಚ್ಚಿಸುವುದನ್ನು ನಿಲ್ಲಿಸಬೇಕು ಎಂಬುದೇ ಪ್ರಶ್ನೆ. ತಲೆಯ ಸುತ್ತಳತೆಯನ್ನು 3.14ರಿಂದ ಭಾಗಿಸಿ. 35 ಸೆಂ.ಮೀ. ತಲೆಗೆ ವೃತ್ತ ಸುಮಾರು 11 ಸೆಂ.ಮೀ. ಅಗಲ ಆದಾಗ ನಿಲ್ಲಿಸಿ, ಅಲ್ಲಿಂದ ಒಂದರಲ್ಲಿ ಒಂದೇ ಹಾಕುತ್ತ ಇಳಿಯಿರಿ. ಬಾಣಂತಿಯ ಮನೆಗೆ ಒಯ್ದು ಕೊಟ್ಟ ಕುಲಾವಿ ಕೂಸಿನ ಕಣ್ಣು ಮುಚ್ಚುತ್ತದೆ, ಇಲ್ಲವೇ ನೆತ್ತಿಯ ಮೇಲೆ ನಿಲ್ಲುತ್ತದೆ ಎಂಬ ದೂರು ಈ ಒಂದು ಭಾಗಾಕಾರದಿಂದ ತಪ್ಪುತ್ತದೆ.

ನಡುವಿನ ರಂಧ್ರ ತೊಳೆದ ಮೇಲೆ ತೆರೆದುಕೊಂಡರೆ ಶುರುವಿನ ದಾರದ ಬಾಲವನ್ನು ತೀರ ಗಿಡ್ಡ ಕತ್ತರಿಸಿದ್ದೀರಿ. ಮುಂದಿನ ಸಲ 15 ಸೆಂ.ಮೀ. ಬಿಡಿ.

ಪುಸ್ತಕ ಹೇಳಿದಂತೆ ಹಾಕಿದರೂ ಚಿತ್ರದಲ್ಲಿರುವಂತೆ ಬರುತ್ತಿಲ್ಲ

ನಿಮ್ಮದು ಚಿತ್ರಕ್ಕಿಂತ ಗಿಡ್ಡ, ಗಟ್ಟಿ ಅಥವಾ ಚಿತ್ರಕ್ಕಿಂತ ಉದ್ದ, ಜಾಳು ಆಗಿದ್ದರೆ ಪುಸ್ತಕ ಎಲ್ಲಿಯದು ನೋಡಿ. ಬ್ರಿಟಿಷ್ ಪುಸ್ತಕದಲ್ಲಿ ಡಬಲ್ ಕ್ರೋಶಾ ಎಂದು ಬರೆದಿರುವುದು ಅಮೆರಿಕದ ಸಿಂಗಲ್. ಅವರ ಟ್ರೆಬಲ್ ಅಮೆರಿಕದ ಡಬಲ್, ಅಂದರೆ ನಮ್ಮ ಕಂಬ. ಪತ್ತೆ ಮಾಡುವುದು ಸುಲಭ: ಪುಸ್ತಕದಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶಾ ಎಂಬ ಮಾತು ಬಂದಿದ್ದರೆ ಅದು ಅಮೆರಿಕದ ಪದ್ಧತಿ, ಏಕೆಂದರೆ ಬ್ರಿಟಿಷ್ ಪದ್ಧತಿಯಲ್ಲಿ ಆ ಹೆಸರೇ ಇಲ್ಲ. ಬರವಣಿಗೆ ಗೊಂದಲವಾದರೆ ಚಿಹ್ನೆಗಳ ನಕ್ಷೆ ಓದಲು ಕಲಿಯಿರಿ. ಗುಣಿಸು ಅಥವಾ ಕೂಡಿಸು ಗುರುತು ಇದ್ದರೆ ಸಿಂಗಲ್, ನಿಂತ ಕಂಬಕ್ಕೆ ಒಂದು ಓರೆಗೆರೆ ಇದ್ದರೆ ಡಬಲ್. ನಕ್ಷೆಗೆ ಇಂಗ್ಲಿಷೂ ಬೇಡ, ಮರಾಠಿಯೂ ಬೇಡ.

ದಾರದ ಬಣ್ಣ, ಗಂಟು, ಸಿಕ್ಕು

ನಡುವೆ ಒಂದು ಪಟ್ಟೆ ಬೇರೆ ಛಾಯೆಯಲ್ಲಿ ಎದ್ದು ಕಂಡರೆ ಶೇಡ್ ನಂಬರ್ ಒಂದೇ ಇದ್ದರೂ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ಬೇರೆ. ಬೇಕಾದಷ್ಟನ್ನೂ ಒಮ್ಮೆಗೇ ಕೊಳ್ಳಿ, ಲೇಬಲ್ ಎಸೆಯಬೇಡಿ. ಈಗಾಗಲೇ ಎರಡು ಲಾಟ್ ಮನೆಗೆ ಬಂದಿದ್ದರೆ ಎರಡೆರಡು ಸಾಲಿಗೆ ಒಂದೊಂದು ಉಂಡೆ ಬದಲಿಸುತ್ತ ಹಾಕಿ, ವ್ಯತ್ಯಾಸ ಹರಡಿಹೋಗುತ್ತದೆ.

ಲಡಿಯನ್ನು ಹಾಗೇ ಇಟ್ಟುಕೊಂಡು ಹೆಣೆಯಲು ಹೋದರೆ ಸಿಕ್ಕಾಗುವುದು ಖಂಡಿತ. ಕುರ್ಚಿಯ ಬೆನ್ನಿಗೋ ಮನೆಯವರ ಎರಡು ಕೈಗೋ ಹಾಕಿ, ಕಟ್ಟಿದ ದಾರ ಬಿಚ್ಚಿ, ಮೊದಲು ಉಂಡೆ ಸುತ್ತಿ. ಸಿಕ್ಕಾಗಿದ್ದರೆ ತುದಿ ಎಳೆಯಬೇಡಿ, ಸಿಕ್ಕನ್ನು ಸುತ್ತಲಿಂದ ಅಗಲಿಸುತ್ತ ಬನ್ನಿ. ಉಂಡೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟರೆ ಉರುಳುವುದಿಲ್ಲ, ದಾರದ ಎಳೆತ ಒಂದೇ ಸಮ ಇರುತ್ತದೆ.

ಗಂಟು ಹಾಕಿ ತುದಿ ಕತ್ತರಿಸಿದ್ದು ತೊಳೆದಾಗ ಬಿಚ್ಚಿಕೊಳ್ಳುತ್ತದೆ. ಬಾಲವನ್ನು ಮೊಂಡು ದಬ್ಬಣಕ್ಕೆ ಪೋಣಿಸಿ ಸ್ಟಿಚ್ಚುಗಳ ಒಳಗೆ ಬಲಕ್ಕೆ, ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ ಹಾಯಿಸಿ. ಒಂದೇ ದಿಕ್ಕಿಗೆ ಹಾಯಿಸಿದ ಬಾಲ ಎಳೆದರೆ ಬಂದುಬಿಡುತ್ತದೆ.

ಕೆಂಪು ಹತ್ತಿ ದಾರದ ತೋರಣದ ಪಕ್ಕ ಬಿಳಿ ಹಾಕುವ ಮುನ್ನ ಒಂದು ತುಂಡು ಕೆಂಪು ದಾರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅದನ್ನು ಬಿಳಿಯ ಜೊತೆ ಸೇರಿಸಬೇಡಿ.

ಕೈ ನೋವು

ಕಡ್ಡಿಯನ್ನು ಪೆನ್ನಿನಂತೆ ಹಿಡಿಯುವವರು ಒಮ್ಮೆ ಚಾಕುವಿನಂತೆ ಹಿಡಿದು ನೋಡಿ, ಅಥವಾ ತದ್ವಿರುದ್ಧ. ಎರಡೂ ಸರಿಯಾದ ಹಿಡಿತಗಳೇ. ಬೆರಳು ಜೋಮು ಹಿಡಿಯುತ್ತಿದ್ದರೆ ನಿಲ್ಲಿಸಿ, ಅದು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಬಿಚ್ಚಬೇಕೇ, ಬೇಡವೇ

ಎಣಿಕೆಯ ದೋಷ ಇದ್ದರೆ ಬಿಚ್ಚಿ, ಆದರೆ ಮೂಲದ ಸಾಲಿನ ತನಕ ಮಾತ್ರ. ಸರಿ ಇರುವ ಕೊನೆಯ ಸಾಲಿನ ಕೊನೆಯ ಸ್ಟಿಚ್ಚಿಗೆ ಮೊದಲೇ ಪಿನ್ನು ಹಾಕಿಕೊಂಡರೆ ಅದಕ್ಕಿಂತ ಕೆಳಗೆ ಬಿಚ್ಚಿಹೋಗುವ ಭಯವಿಲ್ಲ. ಬಿಗಿ, ಸಡಿಲದ ಸಣ್ಣ ಏರುಪೇರಿಗೆ ಬಿಚ್ಚಬೇಡಿ. ಹತ್ತಿಯದಾದರೆ ಒದ್ದೆ ಮಾಡಿ, ಚಪ್ಪಟೆ ಹರಡಿ, ಅಂಚು ನೇರ ಮಾಡಿ ಒಣಗಿಸಿ. ರುಮಾಲು, ತೋರಣಕ್ಕೆ ತೆಳು ಗಂಜಿ ಹಾಕಿದರೆ ಇನ್ನೂ ಒಪ್ಪವಾಗುತ್ತದೆ. ಅಕ್ರಿಲಿಕ್ ಮೇಲೆ ಮಾತ್ರ ಇಸ್ತ್ರಿ ಇಡಬೇಡಿ. ಅದು ಪ್ಲಾಸ್ಟಿಕ್ ಜಾತಿಯ ನೂಲು, ಬಿಸಿಗೆ ಸತ್ತು ಜೋತುಬೀಳುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಿಸದೆ ಮೇಲಿನಿಂದ ಸ್ವಲ್ಪ ಹಬೆ ಕೊಟ್ಟು ಕೈಯಿಂದ ತಟ್ಟಿದರೆ ಸಾಕು.

ಇಷ್ಟಾದರೂ ಕಾರಣ ತಿಳಿಯದಿದ್ದರೆ ಗೊತ್ತಿರುವವರ ಹತ್ತಿರ ಒಯ್ಯಿರಿ. ಒಯ್ಯುವಾಗ ಬಿಚ್ಚದ ತುಂಡು, ಕಡ್ಡಿ, ಉಲ್ಲನ್ ಲೇಬಲ್, ಸಾಲುವಾರು ಎಣಿಕೆ ಬರೆದ ಚೀಟಿ ಜೊತೆಗಿರಲಿ. ಪಕ್ಕದ ಮನೆಯ ಮೌಶಿಗೆ ಪ್ಯಾಟರ್ನ್ ಓದಲು ಬಾರದಿದ್ದರೂ ಇಷ್ಟು ಕೈಗೆ ಕೊಟ್ಟರೆ ತಪ್ಪು ಎಲ್ಲಿದೆ ಎಂದು ತೋರಿಸುತ್ತಾರೆ.